ತಟ್ಟೆಯಂಚಿನ ಚಿಲ್ಲರೆ

ಮುಂಬೈಯ ಮಾಟುಂಗಾದಲ್ಲಿ ಎ. ರಾಮ ನಾಯಕರು ಶ್ರೀಕೃಷ್ಣ ಬೋರ್ಡಿಂಗ್ ತೆರೆದದ್ದು 1942ರಲ್ಲಿ. ಅಂಥ ಉಡುಪಿ ಹೋಟೆಲುಗಳಲ್ಲಿ ಹಗಲು ದುಡಿದು, ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದ ಕರಾವಳಿಯ ಹುಡುಗರು ಅದೆಷ್ಟೋ ಮಂದಿ. ಬಿಲ್ಲಿನ ತಟ್ಟೆಯಲ್ಲಿ ಗಿರಾಕಿ ಬಿಟ್ಟುಹೋದ ಚಿಲ್ಲರೆ ಅಂಥವರ ಕೈಖರ್ಚಿಗೆ ಒದಗುತ್ತಿತ್ತು.

2016ರ ಏಪ್ರಿಲಿನಲ್ಲಿ ಇದೇ ಮುಂಬೈಯಲ್ಲಿ, ಮೊಬೈಲಿನಿಂದಲೇ ಹಣ ಪಾವತಿಸುವ ಯುಪಿಐ ವ್ಯವಸ್ಥೆ ಅನಾವರಣಗೊಂಡಿತು. ನವೆಂಬರಿನ ನೋಟು ರದ್ದತಿ ಅದಕ್ಕೆ ವೇಗ ಕೊಟ್ಟಿತು. ಈಗ ಗಲ್ಲಾದ ಮುಂದೆ ಚಿಲ್ಲರೆಯ ಜಗಳವಿಲ್ಲ, ಲೆಕ್ಕ ತಪ್ಪುವ ಭಯವಿಲ್ಲ. ಲೋಕಲ್ ರೈಲು ಹಿಡಿಯುವ ಅವಸರದವರಿಗೆ ಇದು ದೊಡ್ಡ ಅನುಕೂಲವೇ.

ಆದರೆ ಮೊಬೈಲಿನಿಂದ ಹೊರಟ ಹಣ ನೇರ ಮಾಲೀಕರ ಖಾತೆ ಸೇರುತ್ತದೆ. ಬಿಸಿ ಸಾಂಬಾರು ಬಡಿಸಿದವನ ಕೈ ಬರಿದಾಗಿಯೇ ಉಳಿಯುತ್ತದೆ. ತಪ್ಪು ಯಂತ್ರದ್ದಲ್ಲ, ಅದು ಹೇಳಿದಷ್ಟೇ ಮಾಡುತ್ತದೆ. ಯಾರಿಗೆ ಎಷ್ಟು ಸಲ್ಲಬೇಕು ಎಂಬ ನ್ಯಾಯವನ್ನು ನಾವೇ ಹೇಳಬೇಕು. ಮಾಲೀಕರು ಸಂಬಳದಲ್ಲಿ ಆ ಕೊರತೆ ತುಂಬಲಿ. ನಾವೂ ಜೇಬಿನಲ್ಲಿ ಹತ್ತಿಪ್ಪತ್ತು ರೂಪಾಯಿಯ ನೋಟು ಇಟ್ಟುಕೊಳ್ಳೋಣ. ಬಡಿಸಿದವರ ಹೆಸರು ಕೇಳಿ, ಅವರ ಕೈಗೇ ಕೊಡೋಣ.