ಗಾಜಿನ ಮೇಲಿನ ಚೀಟಿ

ಅಕ್ಕ ತಂಗಿಯರೇ, ನನ್ನ ಮಗಳು ಇಂಗ್ಲೆಂಡಿನಲ್ಲಿ ನರ್ಸು. ಬಾಡಿಗೆ ಮನೆ. ಮನೆ ಜೊತೆಗೆ ಕಾರು ನಿಲ್ಲಿಸಲು ಗೆರೆ ಎಳೆದ ಜಾಗವೂ ಇದೆ. ಒಂದು ದಿನ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದಳು. ಎದ್ದು ನೋಡಿದರೆ ಕಾರಿನ ಗಾಜಿಗೆ ಚೀಟಿ! "ಪರ್ಮಿಟ್ ಕಾಣುತ್ತಿಲ್ಲ. 100 ಪೌಂಡ್ ಕೊಡಿ. 14 ದಿನದೊಳಗಾದರೆ 60 ಸಾಕು." ಪರ್ಮಿಟ್ ಸೀಟಿನ ಕೆಳಗೆ ಬಿದ್ದಿತ್ತು.

"60 ಕಟ್ಟಿಬಿಡ್ಲಾ ಅಮ್ಮಾ?" ಅಂತ ಫೋನು ಮಾಡಿದಳು. ಆರು ಸಾವಿರ ರೂಪಾಯಿಗೂ ಮೇಲೆ!

"ಕೊಟ್ಟೋರು ಪೊಲೀಸರಾ?" ಅಂದೆ. ಅಲ್ಲ, ಖಾಸಗಿ ಕಂಪನಿಯಂತೆ. ಹಾಗಾದರೆ ಅದು ಸರ್ಕಾರದ ದಂಡವಲ್ಲ. ಕರಾರು ಮುರಿದಿರಿ ಎಂದು ಕಂಪನಿ ಕೇಳುವ ಹಣ. ನಾನು ನಿಮ್ಮ ಹಾಗೇ ತಡವಾಗಿ ಅಕ್ಷರ ಕಲಿತವಳು. ಓದದೆ ಹೆಬ್ಬೆಟ್ಟು ಒತ್ತಿ ಕೆಟ್ಟವಳು. "ಮೊದಲು ಬಾಡಿಗೆ ಕರಾರು ಓದು" ಅಂದೆ. ಓದಿದಳು. ಜಾಗದ ನಂಬರು ಅದರಲ್ಲಿತ್ತು. ಪರ್ಮಿಟ್ ಮಾತೇ ಇರಲಿಲ್ಲ.

2016ರಲ್ಲಿ ಆಕ್ಸ್‌ಫರ್ಡಿನ ಕೋರ್ಟು ಇಂಥ ಒಂದು ಕೇಸು ತೀರ್ಮಾನಿಸಿತು. ಮನೆಯ ಕರಾರು ಕೊಟ್ಟ ಹಕ್ಕನ್ನು ಕಂಪನಿಯ ಬೋರ್ಡು ಕಿತ್ತುಕೊಳ್ಳಲಾಗದು ಎಂದಿತು.

ಹಾಗಂತ ಮಗಳು ಸುಮ್ಮನೆ ಕೂರಲಿಲ್ಲ. ಸುಮ್ಮನಿದ್ದರೆ ಕೋರ್ಟಿಗೆ ಎಳೀತಾರೆ. 28 ದಿನದೊಳಗೆ ತಕರಾರು ಬರೆದಳು. ಕರಾರಿನ ನಕಲು ಸೇರಿಸಿದಳು. ಕಂಪನಿ ಒಪ್ಪಲಿಲ್ಲ. ಮೇಲ್ಮನವಿ ಹಾಕಿದಳು; ಅದಕ್ಕೆ ಶುಲ್ಕವಿಲ್ಲ. ಮೊನ್ನೆ ಉತ್ತರ ಬಂತು. ಏನೂ ಕೊಡಬೇಕಿಲ್ಲವಂತೆ.