ಉಂಡದ್ದು ಮೈಗೆ ಹತ್ತಬೇಕು



ಕಳೆದ ಮಳೆಗಾಲದಲ್ಲಿ ಬೆಳಗಾವಿಯಿಂದ ಖಾನಾಪುರದ ಕಡೆಗೆ ಹೋಗಿದ್ದೆ. ಭತ್ತದ ನಾಟಿ ನಡೆದಿತ್ತು. ಬದುವಿನ ಮೇಲೆ ಕುಳಿತಿದ್ದ ಬಸುರಿ ಹೆಣ್ಣುಮಗಳೊಬ್ಬಳು, "ಎರಡೂ ಹೊತ್ತು ಹೊಟ್ಟಿ ತುಂಬ ಅನ್ನ ಉಣ್ತೇನ್ರಿ ಸಾಹೇಬ್ರ, ಆದ್ರೂ ನಾಲ್ಕು ಹೆಜ್ಜಿ ನಡದ್ರ ದಮ್ಮು ಹತ್ತತೈತಿ" ಅಂದಳು. ಆಸ್ಪತ್ರೆಯಲ್ಲಿ ನೋಡಿದಾಗ ರಕ್ತದಲ್ಲಿ ಹಿಮೋಗ್ಲೋಬಿನ್ 8 ಗ್ರಾಂ ಇತ್ತು. ಬಸುರಿಯರಿಗೆ 11 ಗ್ರಾಮಾದರೂ ಇರಬೇಕು. ಹೊಟ್ಟೆಯೇನೋ ತುಂಬಿತ್ತು, ಮೈಗೆ ಹತ್ತಿರಲಿಲ್ಲ. ಇದೇಕೆ ಹೀಗೆ?

ಹೊಲದ ಮಾತಿನಲ್ಲೇ ಹೇಳುತ್ತೇನೆ. ತಿಪ್ಪೆಯಲ್ಲಿರುವ ಗೊಬ್ಬರದಿಂದ ಬೆಳೆಗೆ ಉಪಯೋಗವಿಲ್ಲ. ಅದು ಕೊಳೆತು, ನೀರಿನಲ್ಲಿ ಕರಗಿ, ಬೇರಿಗೆ ಮುಟ್ಟತಕ್ಕದ್ದು. ಹೊಟ್ಟೆಯ ಒಳಗೂ ಹಾಗೆಯೇ. ಅನ್ನ, ರೊಟ್ಟಿಯ ಪಿಷ್ಟವು ಒಡೆದು ಸಕ್ಕರೆಯಾಗುತ್ತದೆ. ಬೇಳೆಕಾಳಿನ ಸಸಾರಜನಕವು ಅಮೈನೋ ಆಮ್ಲಗಳಾಗುತ್ತದೆ. ಸುಮಾರು 20 ಅಡಿ ಉದ್ದದ ಸಣ್ಣ ಕರುಳಿನ ಒಳಮೈಗೆ ಎಳೆಬೇರಿನಂಥ ಕುಡಿಗಳಿವೆ. ಇವು ಆ ಸಾರವನ್ನು ಹೀರಿ ರಕ್ತಕ್ಕೆ ಕೊಡುತ್ತವೆ. ರಕ್ತವು ಅದನ್ನು ಮೊದಲು ಯಕೃತ್ತಿಗೆ ಒಯ್ಯುತ್ತದೆ. ಯಕೃತ್ತು ನಮ್ಮ ಮೈಯ ಕಣಜ. ಹೆಚ್ಚಾದ ಸಕ್ಕರೆಯನ್ನು ಕೂಡಿಟ್ಟು ದುಡಿಮೆಯ ಹೊತ್ತಿಗೆ ಬಿಟ್ಟುಕೊಡುತ್ತದೆ. ಸಕ್ಕರೆಯಿಂದ ಶಕ್ತಿ, ಸಸಾರಜನಕದಿಂದ ಮಾಂಸಖಂಡ. ಕೆಂಪು ರಕ್ತಕ್ಕೆ ಮಾತ್ರ ಕಬ್ಬಿಣವೂ ಬೇಕು.

ಕಬ್ಬಿಣದ ಸ್ವಭಾವ ತುಸು ಬೇರೆ. ಸೊಪ್ಪು, ಕಾಳುಗಳಲ್ಲಿರುವುದರಲ್ಲಿ ಸ್ವಲ್ಪ ಭಾಗವನ್ನಷ್ಟೇ ಕರುಳು ಹೀರುತ್ತದೆ. ಊಟದ ಜೊತೆ ಲಿಂಬೆ, ನೆಲ್ಲಿಕಾಯಿ, ಪೇರಲ ಇದ್ದರೆ ಹೆಚ್ಚು ಹೀರುತ್ತದೆ. ಮೇಲೆ ಚಹಾ ಕುಡಿದರೆ ಅದೂ ಕಡಿಮೆಯಾಗುತ್ತದೆ. ಆ ತಂಗಿಗೆ ಪಲ್ಯ, ಕಾಳು ಅಪರೂಪ. ಉಂಡ ಬೆನ್ನಿಗೇ ಚಹಾ ತಪ್ಪುತ್ತಿರಲಿಲ್ಲ.

ಇದು ಅವಳೊಬ್ಬಳ ಕಷ್ಟವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ತೀರ ರಕ್ತ ಕಡಿಮೆಯಾದರೆ ಹೆರಿಗೆಯಲ್ಲಿ ತಾಯಿಯ ಜೀವಕ್ಕೇ ಅಪಾಯ. ಕೂಸೂ ತೂಕವಿಲ್ಲದೆ ಹುಟ್ಟುವುದುಂಟು.

ಆದಕಾರಣ ಹಿತ್ತಲಲ್ಲಿ ಒಂದು ನುಗ್ಗೆ, ಒಂದು ಲಿಂಬೆ ಗಿಡ ಹಚ್ಚಿರಿ. ಹೆಸರು, ಮಡಕಿ ಕಾಳನ್ನು ಮೊಳಕೆ ಬರಿಸಿ ಉಣ್ಣಿರಿ. ಪಲ್ಯಕ್ಕೆ ಲಿಂಬೆ ಹಿಂಡಿರಿ. ಚಹಾ ಬೇಕೇ ಬೇಕೆಂದರೆ ಊಟವಾಗಿ ಒಂದು ತಾಸು ಬಿಟ್ಟು ಕುಡಿಯಿರಿ. ಬರಿಗಾಲಿನಲ್ಲಿ ಹೊಲಸು ನೆಲ ತುಳಿಯಬೇಡಿರಿ. ಕೊಕ್ಕೆಹುಳು ಅಂಗಾಲಿನಿಂದ ಹೊಕ್ಕು, ಕರುಳಿಗೆ ಸೇರಿ ರಕ್ತ ಹೀರುತ್ತದೆ. ಬಸುರಿಯರು ಊಟವೊಂದನ್ನೇ ನಂಬದೆ, ಆಸ್ಪತ್ರೆಯವರು ಕೊಡುವ ಕಬ್ಬಿಣದ ಗುಳಿಗೆಯನ್ನು ತಪ್ಪದೆ ನುಂಗತಕ್ಕದ್ದು.

ಆ ತಂಗಿ ಹೀಗೆಯೇ ನಡೆದಳು. ಮೂರು ತಿಂಗಳ ಮೇಲೆ ಹಿಮೋಗ್ಲೋಬಿನ್ 10 ಗ್ರಾಂ ದಾಟಿತ್ತು. ಮನೆಯ ಗಂಡಸರೇ, ಇಂದು ರಾತ್ರಿ ಕಡೆಗೆ ಉಣ್ಣುವವರ ತಾಟಿನಲ್ಲಿ ಪಲ್ಯ ಉಳಿದಿದೆಯೇ ಎಂದು ಒಮ್ಮೆ ನೋಡಿರಿ.