ಗಾಳಿಯಂತ್ರ: ಹೊಸದು ಮೇಲೋ, ಹಳೆಯದು ಮೇಲೋ?



ಚಿತ್ರದುರ್ಗದ ಕಡೆ ಹೋದವರು ಗುಡ್ಡದ ಮೇಲೆ ಗಾಳಿಯಂತ್ರ ನೋಡಿದ್ದೀರಿ. ಗದಗದ ಕಡೆಯೂ ಇವೆ. ಎತ್ತರದ ಕಂಬ. ತುದಿಯಲ್ಲಿ ಮೂರು ರೆಕ್ಕೆ. ಗಾಳಿ ಬೀಸಿದರೆ ರೆಕ್ಕೆ ತಿರುಗುತ್ತದೆ. ರೆಕ್ಕೆ ತಿರುಗಿದರೆ ಕರೆಂಟು ಹುಟ್ಟುತ್ತದೆ.

ಈಗ ಬೇರೆ ಬೇರೆ ನಮೂನೆ ಬರುತ್ತಿವೆ. ಒಂದು ಡ್ರಮ್ಮಿನ ಹಾಗೆ ನಿಂತಲ್ಲೇ ತಿರುಗುತ್ತದೆ. ಇನ್ನೊಂದಕ್ಕೆ ರೆಕ್ಕೆಯೇ ಇಲ್ಲ, ಬರೀ ಕಂಬ ಅಲ್ಲಾಡುತ್ತದೆ. “ಹಳೆಯದರ ಎರಡು ಪಟ್ಟು ಕರೆಂಟು ಕೊಡುತ್ತೆ” ಅಂತ ಮಾರುವವರು ಹೇಳುತ್ತಾರೆ.

ನಮ್ಮ ಸಂಘದಲ್ಲೂ ಈ ಮಾತು ಬಂತು. “ಉಳಿತಾಯದ ಹಣ ಹಾಕಿ ಒಂದು ತರೋಣ” ಅಂದರು ಕೆಲವರು. “ಬೇಡ” ಅಂದರು ಕೆಲವರು. ಕೂಲಿಯಲ್ಲಿ ರೂಪಾಯಿ ರೂಪಾಯಿ ಉಳಿಸಿ ಕೂಡಿಟ್ಟ ಹಣ ಅದು. ಜಗಳ ಬೇಡ ಅಂತ ಕೂತು ಲೆಕ್ಕ ಹಾಕಿದೆವು. ಆ ಲೆಕ್ಕವನ್ನೇ ಇವತ್ತು ನಿಮಗೆ ಹೇಳುತ್ತೇವೆ.

ಮೊದಲು ಗಾಳಿಯ ಮಾತು. ಜಾತ್ರೆಯ ದಿನ ಗುಡಿಯ ಬಾಗಿಲು ನೆನೆಯಿರಿ. ಒಳಗೆ ಹೋದವರು ಅಲ್ಲೇ ನಿಂತರೆ ಏನಾಗುತ್ತದೆ? ಹೊರಗಿನವರು ಒಳಗೆ ಬರಲಾರರು. ಗಾಳಿಯೂ ಹಾಗೇ. ಯಂತ್ರವು ಗಾಳಿಯ ಬಲವನ್ನೆಲ್ಲ ಹೀರಿದರೆ ಗಾಳಿ ಅಲ್ಲೇ ನಿಂತುಬಿಡುತ್ತದೆ. ಹಿಂದಿನ ಗಾಳಿಗೆ ದಾರಿ ಇರುವುದಿಲ್ಲ. ಆದ್ದರಿಂದ ಸ್ವಲ್ಪ ಬಲ ಬಿಟ್ಟುಕೊಡಲೇಬೇಕು.

ಜರ್ಮನಿಯ ವಿಜ್ಞಾನಿ ಆಲ್ಬರ್ಟ್ ಬೆಟ್ಜ್ ಸುಮಾರು 1920ರಲ್ಲಿ ಇದರ ಲೆಕ್ಕ ಕೊಟ್ಟರು. 100 ಪಾಲು ಬಲದಲ್ಲಿ 59 ಪಾಲಿಗಿಂತ ಹೆಚ್ಚು ಸಿಗದು. ಮೂರು ರೆಕ್ಕೆಯ ದೊಡ್ಡ ಯಂತ್ರ ಚೆನ್ನಾಗಿ ಓಡುವಾಗ 40 ಪಾಲಿಗಿಂತ ಹೆಚ್ಚು ಹಿಡಿಯುತ್ತದೆ. 40ರ ಎರಡು ಪಟ್ಟು ಎಷ್ಟು? 80. ಅದು 59ಕ್ಕಿಂತ ದೊಡ್ಡದು. ಅಷ್ಟೇ ಅಗಲದ ಹೊಸ ಯಂತ್ರ ಎರಡು ಪಟ್ಟು ಕೊಡುವುದು ಹೇಗೆ ಸಾಧ್ಯ? ನೀವೇ ಹೇಳಿ.

ನಿಂತು ತಿರುಗುವ ಯಂತ್ರಕ್ಕೂ ಗುಣವಿದೆ. ಗಾಳಿ ಯಾವ ದಿಕ್ಕಿನಿಂದ ಬಂದರೂ ಅದು ತಿರುಗುತ್ತದೆ. ಕರೆಂಟು ಹುಟ್ಟಿಸುವ ಭಾಗವನ್ನು ನೆಲದ ಮೇಲೇ ಇಡಬಹುದು. ರಿಪೇರಿಗೆ ಕಂಬ ಹತ್ತಬೇಕಿಲ್ಲ. ಆದರೆ ಅದು ನಿಜವಾಗಿ ಹೊಸದಲ್ಲ. ಫ್ರಾನ್ಸಿನ ಡಾರಿಯಸ್ ಎಂಬ ಇಂಜಿನಿಯರು 1920ರ ದಶಕದಲ್ಲೇ ಅಂಥದ್ದೊಂದನ್ನು ಯೋಚಿಸಿದ್ದರು. ಕೆನಡಾ ದೇಶದಲ್ಲಿ 1980ರ ದಶಕದಲ್ಲಿ 110 ಮೀಟರ್ ಎತ್ತರದ್ದನ್ನು ಕಟ್ಟಿದರು. ಅದರ ಬುಡದ ಬೇರಿಂಗ್ ಕೆಟ್ಟು 1993ರಲ್ಲಿ ನಿಂತಿತು. ಇಂಥ ಯಂತ್ರದ ರೆಕ್ಕೆಗೆ ಪ್ರತಿ ಸುತ್ತಿನಲ್ಲೂ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಒತ್ತಡ ಬೀಳುತ್ತದೆ. ತಂತಿಯನ್ನು ಅತ್ತಿತ್ತ ಬಗ್ಗಿಸಿದರೆ ಮುರಿಯುವುದಿಲ್ಲವೇ? ಹಾಗೆ.

ಮೂರು ರೆಕ್ಕೆಯದೂ ಸುಮ್ಮನೆ ಕೂತಿಲ್ಲ. ಡೆನ್ಮಾರ್ಕಿನಲ್ಲಿ 1957ರಲ್ಲಿ ಯೋಹಾನೆಸ್ ಯೂಲ್ ಎಂಬವರು ಒಂದನ್ನು ನಿಲ್ಲಿಸಿದರು. ರೆಕ್ಕೆ ಸುತ್ತುವ ಅಗಲ 24 ಮೀಟರ್. ಅದರ ಶಕ್ತಿ 200 ಕಿಲೋವಾಟ್. ಇಂದು ಸಮುದ್ರದಲ್ಲಿ ನಿಲ್ಲಿಸುವ ದೊಡ್ಡ ಯಂತ್ರದ ಸುತ್ತು 200 ಮೀಟರಿಗೂ ಅಗಲ. ರೆಕ್ಕೆ ಎರಡು ಪಟ್ಟು ಉದ್ದವಾದರೆ ಗಾಳಿ ಹಿಡಿಯುವ ಜಾಗ ನಾಲ್ಕು ಪಟ್ಟಾಗುತ್ತದೆ. ಗುಟ್ಟು ಇರುವುದು ಉದ್ದದಲ್ಲಿ, ಎತ್ತರದಲ್ಲಿ.

ಎತ್ತರ ಏಕೆ? ಕಣದಲ್ಲಿ ತೂರುವಾಗ ನಾವು ಎತ್ತರದ ಮೇಲೆ ನಿಲ್ಲುತ್ತೇವೆ. ಮೇಲೆ ಗಾಳಿ ಚೆನ್ನಾಗಿ ಸಿಗುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಬಲ ಎಂಟು ಪಟ್ಟಾಗುತ್ತದೆ. ವೇಗ ಅರ್ಧವಾದರೆ ಬಲ ಎಂಟರಲ್ಲಿ ಒಂದು ಪಾಲು.

ಈಗ ಮಾರುವವರ ಕಾಗದ ಓದೋಣ. ದೊಡ್ಡ ಅಕ್ಷರದಲ್ಲಿ “1 ಕಿಲೋವಾಟ್” ಅಂತ ಬರೆದಿರುತ್ತದೆ. ಕೆಳಗೆ ಸಣ್ಣ ಅಕ್ಷರದಲ್ಲಿ “ಸೆಕೆಂಡಿಗೆ 12 ಮೀಟರ್ ಗಾಳಿಯಲ್ಲಿ” ಅಂತ ಇರಬಹುದು. ಅದು ಜೋರು ಗಾಳಿ. ನಮ್ಮ ಮಾಳಿಗೆಯ ಮೇಲೆ ಅದರ ಅರ್ಧ, 6 ಮೀಟರ್ ಬೀಸಿದರೆ? 1000 ವಾಟಿನ ಎಂಟನೇ ಒಂದು ಪಾಲು, ಅಂದರೆ ಸುಮಾರು 125 ವಾಟ್ ಅಷ್ಟೇ. ಹಳೇ ಸೀಲಿಂಗ್ ಫ್ಯಾನು ಒಂದಕ್ಕೇ ಸುಮಾರು 75 ವಾಟ್ ಬೇಕು. ಸಣ್ಣ ಅಕ್ಷರ ಓದಲು ಬಂದದ್ದು ಎಷ್ಟು ಒಳ್ಳೆಯದಾಯಿತು ನೋಡಿ!

ನಮ್ಮಲ್ಲಿ ಒಬ್ಬ ತಂಗಿ ಕೇಳಿದಳು: “ಹೊಸದನ್ನೆಲ್ಲ ಬೇಡ ಅಂದರೆ ಮುಂದೆ ಹೋಗೋದು ಹೇಗೆ?” ಅವಳ ಮಾತು ಸರಿ. ಮೂರು ರೆಕ್ಕೆಯದೂ ಒಂದು ಕಾಲಕ್ಕೆ ಹೊಸದೇ. ಹೊಸದು ಬರಲಿ, ಗಾಳಿಯಲ್ಲಿ ವರ್ಷಗಟ್ಟಲೆ ನಿಂತು ತೋರಿಸಲಿ. ಆದರೆ ಆ ಪರೀಕ್ಷೆಯ ಖರ್ಚು ನಮ್ಮ ಉಳಿತಾಯದ ಮೇಲೆ ಬೀಳಬಾರದು.

ನಮ್ಮ ಊರು ತಗ್ಗಿನಲ್ಲಿದೆ. ಸುತ್ತ ಮರ, ಮನೆ. ಗಾಳಿ ಕಡಿಮೆ. ಸಂಘದ ಹಣ ಸಂಘದಲ್ಲೇ ಉಳಿಯಿತು.

ನಿಮ್ಮ ಊರಿಗೂ ಯಾರಾದರೂ ಬಂದರೆ ಮೂರು ಮಾತು ಕೇಳಿ. ಎಷ್ಟು ಗಾಳಿಗೆ ಎಷ್ಟು ಕರೆಂಟು? ಎಲ್ಲಿ, ಎಷ್ಟು ವರ್ಷ ಓಡಿದೆ? ಕೆಟ್ಟರೆ ರಿಪೇರಿ ಯಾರು ಮಾಡುತ್ತಾರೆ? ಉತ್ತರವನ್ನು ಬರೆಸಿಕೊಳ್ಳಿ. ಓದಿ ನೋಡಿ. ಆಮೇಲೆ ಸಹಿ ಹಾಕಿ.